ಹುಳಿಗಂಜಿ ಕುಡಿದ ಹಂದಿಗಳು

ಗಿರಾಕಿ ಬರುವ ಎರಡು ದಿನ ಮುಂಚೆ ದನಕ್ಕೆ ಭೇದಿ ಕಟ್ಟುವ ಪುಡಿ ಹಾಕಬೇಕು. ಇದನ್ನು ನಾನು ಮುಧೋಳದ ದನದ ಪೇಟೆಯಲ್ಲಿ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುತ್ತಾ ಕಲಿತೆ. ಬಾಲದ ಕೆಳಗೆ ಒದ್ದೆ ಕಂಡರೆ ಗಿರಾಕಿ ಮುಂದಕ್ಕೆ ಹೋಗುತ್ತಾನೆ. ಒಣಗಿದ್ದರೆ ನಿಲ್ಲುತ್ತಾನೆ. ನಿಂತವನನ್ನು ಬಿಡದಿರುವುದೇ ನನ್ನ ಕಸುಬು.

ಆಣೆಕಟ್ಟಿನ ಹಿನ್ನೀರಿಗೆ ಮುಳುಗಿ ಬೀಳಗಿ ಕಡೆಯ ನಮ್ಮೂರು ದಿನ್ನೆ ಏರಿದ ಮೇಲೆ, ಕುರಿ ಕಾಯುವ ನಮ್ಮ ಮನೆತನದಲ್ಲಿ ಹಂದಿ ಸಾಕಿದ ಮೊದಲಿಗ ನಾನು. ಬಿಳಿ ತಳಿಯವು. ಅಣ್ಣ ಆರು ತಿಂಗಳು ಮಾತು ಬಿಟ್ಟ. ಹೊಸ ದಂಧೆ ಹಿಡಿಯುವವರಿಗೆ ನನ್ನದೊಂದು ಸಲಹೆ: ಮನೆಯವರು ಮಾತು ಬಿಟ್ಟಾಗ ಸಮಜಾಯಿಷಿ ಹೇಳುತ್ತಾ ಕೂಡಬೇಡಿ, ಆ ಹೊತ್ತಿನಲ್ಲಿ ಶೆಡ್ ಕಟ್ಟಿ ಮುಗಿಸಿ.

ಆ ಶೆಡ್ಡಿಗೆ ಒಂದು ದಿನ ತೇರದಾಳದ ಹುಡುಗಿಯೊಬ್ಬಳು ಐಸ್ ಪೆಟ್ಟಿಗೆ ಹಿಡಿದು ಬಂದಳು. ಪಶುವೈದ್ಯ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಹಂದಿಯ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳೂ ಇರುತ್ತವಂತೆ. ಅವನ್ನು ಲದ್ದಿಯಿಂದ ಆರಿಸಿ, ಬೆಳೆಸಿ, ಹೊಟ್ಟೆಯ ಹುಳಿಯಲ್ಲೂ ಪಿತ್ತದಲ್ಲೂ ಬದುಕುವಂಥವನ್ನು ಹುಡುಕಿದರೆ, ಹಾಲು ಬಿಟ್ಟ ಮರಿಗಳಿಗೆ ಔಷಧವಿಲ್ಲದೆಯೇ ಭೇದಿ ನಿಲ್ಲಿಸಬಹುದು. ನನ್ನ ಮರಿಗಳು ಸಾಯುತ್ತಿದ್ದದ್ದೇ ಆ ಭೇದಿಯಿಂದ. ಹಾಗಾಗಿ ನಾನೂ ಚೌಕಾಸಿ ಮಾಡಿದೆ.

"ಲದ್ದಿ ಎಷ್ಟರೆ ಒಯ್ಯಿ ತಂಗಿ. ಆದ್ರ ಏನ್ ಸಿಕ್ತು ಅನ್ನೂದು ಮೊದಲ ನನಗ ಹೇಳಬೇಕು."

"ಹೇಳತೇನ್ರಿ ಕಾಕಾ. ನನಗೂ ಇದು ಕಡೀ ಸಲ. ಈ ಸಲ ಆಗಲಿಲ್ಲಂದ್ರ ಎರಡ ವರ್ಷದ ಕೆಲಸ ಬಿಟ್ಟ ಬ್ಯಾರೆ ವಿಷಯ ಹಿಡಿ ಅಂದಾರ ನಮ್ಮ ಸರ್."

ಹತ್ತಿ ಸುತ್ತಿದ ಕಡ್ಡಿಯಿಂದ ಎಂಟು ಹಂದಿಗಳ ಲದ್ದಿ ತೆಗೆದಳು. ಆಮೇಲೆ ಒಂದು ಹಾಳೆ ಕೊಟ್ಟಳು. ಹಂದಿಯ ವಯಸ್ಸು, ಮೇವು, ಕೊಟ್ಟ ಔಷಧ. ಕಡೆಯ ಸಾಲಿನಲ್ಲಿ ನಾನು 'ಇಲ್ಲ' ಎಂದು ಬರೆದು ಸಹಿ ಹಾಕಿದೆ. ಸುಳ್ಳು ಬರೆಯುತ್ತಿದ್ದೇನೆ ಅಂತ ಅನ್ನಿಸಲೇ ಇಲ್ಲ. ಗಟ್ಟಿಮುಟ್ಟಾದ ಹಂದಿ ಬೇಕು ಅಂತ ಅವಳು ಮೊದಲೇ ಫೋನ್ ಮಾಡಿದ್ದಳು. ನೋಡುವವರು ಬರುತ್ತಾರೆ ಅಂದಮೇಲೆ ನನ್ನ ಕೈ ತಾನಾಗಿ ಪುಡಿಯ ಡಬ್ಬಿಗೆ ಹೋಗಿತ್ತು. ಹಂದಿಯ ಮೈ ತೊಳೆದಷ್ಟೇ ಸಹಜ ಅದು.

ಒಂದೂವರೆ ತಿಂಗಳಾದ ಮೇಲೆ ಅವಳ ಫೋನ್ ಬಂತು. ಗಾಜಿನ ತಟ್ಟೆಯಲ್ಲಿ ಬಿಳಿ ಚುಕ್ಕೆಗಳು ಎದ್ದಿದ್ದವು. ಹುಳಿಯಲ್ಲೂ ಬದುಕಿದ್ದವು, ಪಿತ್ತದಲ್ಲೂ ಬದುಕಿದ್ದವು. ಆದರೆ ಔಷಧ ಹಚ್ಚಿದ ಕಾಗದದ ಬಿಲ್ಲೆ ಇಟ್ಟು ನೋಡಿದಾಗ, ಭೇದಿಯ ಔಷಧವೊಂದಕ್ಕೆ ಅವು ಜಗ್ಗಲೇ ಇಲ್ಲ. ಅಂಥ ಬ್ಯಾಕ್ಟೀರಿಯಾವನ್ನು ಮರಿಗಳಿಗೆ ತಿನ್ನಿಸುವಂತಿಲ್ಲ; ಆ ಮೊಂಡುತನವನ್ನು ರೋಗದ ಬ್ಯಾಕ್ಟೀರಿಯಾಗಳಿಗೂ ಹಂಚಿಬಿಡಬಹುದಂತೆ.

"ಕಾಕಾ, ಖರೆ ಹೇಳ್ರಿ. ಔಷಧ ಹಾಕಿರೇನು?"

"ಯಾಕ, ನನ್ನ ಮ್ಯಾಲ ಭರೋಸ ಇಲ್ಲೇನ್?"

"ಐತಿ, ಅದಕ್ಕ ಕೇಳಾಕತ್ತೇನಿ. ಹಂಗಾರ ಔಷಧಾನ ಕಾಣದ ಹಂದ್ಯಾಗೂ ಇದು ಐತಿ ಅಂತ ಬರೀತೇನಿ."

ಫೋನ್ ಇಟ್ಟ ಮೇಲೆ ಎಲ್ಲಿಯೂ ಕೂಡಲಾಗಲಿಲ್ಲ. ಶೆಡ್ಡಿಗೆ ಹೋದೆ, ಬಂದೆ. ಹಂದಿಗಳು ನೀರು ಕುಡಿಯುವ ದೋಣಿ ತುಂಬಿದ್ದರೂ ಮತ್ತೆ ನೀರು ಬಿಟ್ಟೆ. ಕೆಲಸವಿಲ್ಲದೆ ತುಬಚಿಯವರೆಗೆ ಗಾಡಿ ಹೊಡೆದು, ಚಹಾ ಕುಡಿದು, ತಿರುಗಿ ಬಂದೆ. ಗಿರಾಕಿಗೆ ಸುಳ್ಳು ಹೇಳಿದರೆ ಅವನೂ ತನ್ನ ಸುಳ್ಳು ಹಿಡಿದೇ ಬಂದಿರುತ್ತಾನೆ, ಲೆವೆಲ್ ಆಗುತ್ತದೆ. ಈ ಹುಡುಗಿ ಬರಿಗೈಲಿ ಬಂದಿದ್ದಳು. ನನ್ನ ಹೆಂಡತಿ ಮೂರು ದಿನ ನೋಡಿ, "ಹಂದಿ ಹೊಟ್ಟ್ಯಾಗಿನ ಹುಳ ನಿಮ್ಮ ತಲಿಗೆ ಏರೇತಿ ನೋಡ್ರಿ," ಅಂದಳು.

ನಾಲ್ಕನೆಯ ದಿನ ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ, ಊರಿಗೆ ಹೊರಟು ತೇರದಾಳದ ಬಸ್ಸಿಗೆ ಕಾಯುತ್ತಿದ್ದ ಅವಳನ್ನು ಹಿಡಿದೆ. ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬಸ್ಸು ಬಂತು, ಹೋಯಿತು, ಅವಳು ಹತ್ತಲಿಲ್ಲ.

"ಅಷ್ಟಾಗಿ ಫೋನ್‌ನ್ಯಾಗೂ ಕೇಳಿದ್ನೆಲ್ರಿ," ಅಂದಳು ಕಡೆಗೆ. "ಇನ್ನ ಔಷಧ ಕಾಣದ ಹಂದಿ ಎಲ್ಲಿಂದ ತರಲಿ ನಾನು? ಹೊಸಾ ಲದ್ದಿ ತರಾಕ ಇರೋದು ಹದಿನೈದ ದಿನ."

"ನಾ ಹುಡಿಕಿ ಕೊಡತೇನಿ."

"ನೀವಽ?" ಅಂದಳು. ಆ ಒಂದು ಮಾತು ಬೈಗುಳಕ್ಕಿಂತ ಜೋರಾಗಿ ತಾಗಿತು.

ಮುಧೋಳ, ಬೀಳಗಿ, ಸಮೀರವಾಡಿಯ ಸುತ್ತ ಹಂದಿ ಸಾಕಿದವರನ್ನೆಲ್ಲ ಕೇಳಿದೆ. "ಔಷಧ ಹಾಕೀರೇನ್ರಿ?" "ಇಲ್ರಿ." ಎಲ್ಲರೂ ಥೇಟ್ ನನ್ನ ದನಿಯಲ್ಲೇ ಹೇಳಿದರು. ಮರುದಿನ ದಾರಿ ಬದಲಿಸಿದೆ. ನಿಮಗೂ ಉಪಯೋಗಕ್ಕೆ ಬಂದೀತು, ಕೇಳಿ: ಇದೆಯೇ ಅಂತ ವಿಚಾರಿಸಬೇಡಿ, ಕೈಗಡ ಕೇಳಿ. "ಭೇದಿ ಪುಡಿ ಮುಗದೈತ್ರಿ, ಒಂದ್ ಚಮಚ ಕೊಡ್ರಿ," ಅಂದೆ. ನಿನ್ನೆ ಇಲ್ಲ ಅಂದವರೆಲ್ಲ ಒಳಗೆ ಹೋಗಿ ಡಬ್ಬಿ ತಂದರು. ಒಬ್ಬನಂತೂ ಎರಡು ಥರದ್ದು ತಂದು, ಇದು ಛಲೋ ಹಿಡಿತೈತಿ ಅಂತ ಸಲಹೆಯನ್ನೂ ಕೊಟ್ಟ.

ಬನಹಟ್ಟಿಯಲ್ಲಿ, ನೇಕಾರರ ಓಣಿಯ ಹಿಂದೆ, ಒಬ್ಬ ಮುದುಕಿ ಒಂಬತ್ತು ಕರಿ ಹಂದಿ ಸಾಕಿದ್ದಳು. ಪುಡಿ ಕೇಳಿದೆ.

"ಎಂಥಾ ಪುಡಿಯೋ ತಮ್ಮಾ? ಅರಿಷಿಣ ಭಂಡಾರೇನು? ದೇವರ ಜಗಲಿ ಮ್ಯಾಲೈತಿ, ಹಚಗೊಂಡ ಹೋಗು."

"ಹಂದಿಗೆ ಭೇದಿ ಆದ್ರ ಏನ್ ಹಾಕ್ತಿ ಆಯಿ?"

"ಭೇದಿ ಯಾಕಾಕೈತಿ? ಗಂಜಿ ಕುಡಸ್ತೇನಿ."

ನೂಲಿಗೆ ಹಾಕಲು ಕುದಿಸಿದ ಗಂಜಿಯಲ್ಲಿ ಉಳಿದದ್ದನ್ನು ಮನೆಮನೆಯಿಂದ ತಂದು, ಗಡಿಗೆಯಲ್ಲಿ ಎರಡು ದಿನ ಹುಳಿ ಬರಿಸುತ್ತಿದ್ದಳು. ನೂಲಿಗೆ ಬೂಷ್ಟು ಬರದಂತೆ ಮೈಲುತುತ್ತ ಬೆರೆಸುವ ಮೊದಲೇ ತೆಗೆದಿಟ್ಟ ಗಂಜಿ ಮಾತ್ರ. ಬೆರೆಸಿದ್ದನ್ನು ಕೊಟ್ಟರೆ ಓಣಿಯ ಹೆಂಗಸರ ಜೊತೆ ಜಗಳ. ಕೇಳದಿದ್ದರೂ ತನ್ನ ಹಂದಿಗಳ ಐಬನ್ನೆಲ್ಲ ತಾನೇ ಎಣಿಸಿದಳು: ಇದರ ಕಿವಿ ಹರಿದೈತಿ, ಅದು ಕುಂಟತೈತಿ, ಆ ಕಡೇದು ಕಚ್ಚತೈತಿ. ವ್ಯಾಪಾರಕ್ಕೆ ಬಾರದ ಹೆಂಗಸು ಅಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಒಳಗೇ ನಾಚಿಕೆಯೂ ಆಯಿತು.

ಮರುದಿನವೇ ಹುಡುಗಿಯನ್ನು ಕರೆತಂದೆ. ಗಡಿಗೆಯ ಬಾಯಿ ತೆರೆದು ಮೂಸಿದವಳು, ಬಸ್ ಸ್ಟ್ಯಾಂಡಿನ ಆ ದಿನದ ಮೇಲೆ ಮೊದಲ ಸಲ ನಕ್ಕಳು. "ನಾ ಲ್ಯಾಬಿನ್ಯಾಗ ಬೆಳಸೂ ಬ್ಯಾಕ್ಟೀರಿಯಾನ ಆಯಿ ಗಡಿಗ್ಯಾಗ ಬೆಳಸ್ಯಾಳ್ರಿ!"

"ಹಂಗಾರ ನನ್ನ ಹಂದಿಗೆ ಬ್ಯಾನಿ ಏನೂ ಇಲ್ಲಲಾ ಯವ್ವಾ?" ಅಂತ ಮುದುಕಿ ಮೂರು ಸಲ ಕೇಳಿದಳು.

ಮುಂದೆ ಆ ಕರಿ ಹಂದಿಗಳ ಲದ್ದಿಯಲ್ಲಿ ಎಲ್ಲ ಪರೀಕ್ಷೆಯನ್ನೂ ದಾಟಿದ ಮೂರು ಬ್ಯಾಕ್ಟೀರಿಯಾಗಳು ಸಿಕ್ಕವು. ಮಾತು ಕೊಟ್ಟಂತೆ ಅವಳು ಮೊದಲು ನನಗೇ ಫೋನ್ ಮಾಡಿದಳು. ಆದರೆ ಆ ದಿನ ಬನಹಟ್ಟಿಯಲ್ಲಿ ನಮಗೆ ಅದು ಗೊತ್ತಿರಲಿಲ್ಲ. ಐಸ್ ಪೆಟ್ಟಿಗೆ ಮುಚ್ಚಿದ ಮೇಲೆ ಅವಳು ಚೀಲದಿಂದ ನನ್ನ ಹಳೆಯ ಹಾಳೆ ತೆಗೆದಳು.

"ನಿಮ್ಮ ಹಂದಿ ಬಿಟ್ಟಿಲ್ರಿ ಕಾಕಾ. ಔಷಧ ತಿಂದ ಹಂದಿ ಅಂತ ಬಾಜೂಕ ಇಟ್ಟು ತೋರಸ್ತೇನಿ. ಖರೇದ ಬರ್ಕೊಡ್ರಿ."

'ಇಲ್ಲ' ಎಂಬುದನ್ನು ಹೊಡೆದುಹಾಕಿ, ಪುಡಿಯ ಹೆಸರು ಬರೆದೆ.

"ವರ್ಷಕ್ಕ ಎಷ್ಟ ಸಲ?"

ವರ್ಷಕ್ಕೆ ಎಷ್ಟು ಗಿರಾಕಿ ಬರುತ್ತಾರೋ ಅಷ್ಟು ಸಲ. ಬಾಯಿ ಬಿಡುವ ಮುಂಚೆ ಕೈ ಹೆಗಲಿನ ಟವೆಲ್ಲಿನ ಕೆಳಗೆ ಸರಿದು ಬೆರಳು ಮಡಚತೊಡಗಿತ್ತು.

"ಟವೆಲ್ ತಗೀರಿ," ಅಂದಳು ಅವಳು, ಪೆನ್ನು ಹಿಡಿದು ನನ್ನ ಕೈಯನ್ನೇ ನೋಡುತ್ತಾ.

ತೆಗೆದೆ. ಆ ಓಣಿಯ ಬಿಸಿಲಿನಲ್ಲಿ, ಮುದುಕಿಯ ಎದುರಿಗೆ, ಎರಡೂ ಕೈಯ ಬೆರಳು ಬಿಚ್ಚಿ ಎಣಿಸಿದೆ. ಸಾಲಲಿಲ್ಲ; ಮತ್ತೆ ಹೆಬ್ಬೆರಳಿನಿಂದ ಶುರು ಮಾಡಿದೆ.