ಚೊಕ್ಕ ಕೈಯ ಕಳೆ

ಕಳೆಗೆ ಔಷಧಿ ಹೊಡೆಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಸುತ್ತಲಿನವರೆಲ್ಲ ಅವನನ್ನು ‘ಚೊಕ್ಕಣ್ಣ’ ಎಂದೇ ಕರೆಯುತ್ತಿದ್ದರು. ಬೆನ್ನಿಗೆ ಕ್ಯಾನ್ ಏರಿಸಿ ಗೋಧಿಯ ಸಾಲಿಗಿಳಿದನೆಂದರೆ ಹೆಜ್ಜೆ ಹೆಚ್ಚುಕಡಿಮೆಯಾಗುತ್ತಿರಲಿಲ್ಲ, ಅಳತೆ ತಪ್ಪುತ್ತಿರಲಿಲ್ಲ. ಇನ್ನೊಬ್ಬರು ಹೊಡೆದ ಹೊಲದಲ್ಲಿ ಹುಲ್ಲು ತಲೆಯೆತ್ತಿದರೆ, “ಇದು ಔಷಧಿ ಹೊಡೆದದ್ದಲ್ಲ, ನೀರು ಚಿಮುಕಿಸಿದ್ದು” ಎಂದು ಮುಖಕ್ಕೇ ಅಂದುಬಿಡುತ್ತಿದ್ದ.

ಅಂಥವನ ನೆಮ್ಮದಿಯನ್ನು ಈಗ ಒಂದು ಹುಲ್ಲು ಕೆಡಿಸಿತ್ತು. ಅದೂ ಬೇರೆಲ್ಲೂ ಅಲ್ಲ, ಒಡಹುಟ್ಟಿದ ತಂಗಿಯ ಗೋಧಿ ಹೊಲದಲ್ಲಿ. ಹೋದ ವರ್ಷ ಮೂಲೆಯಲ್ಲಿ ಚಾಪೆಯಷ್ಟಗಲ ಉಳಿದುಕೊಂಡಿತ್ತು. ನಾಜಲ್ ಕಟ್ಟಿಕೊಂಡಿರಬೇಕೆಂದು ಅದೇ ಔಷಧಿಯನ್ನು ಮತ್ತೆ ಹೊಡೆದಿದ್ದ. ಈ ವರ್ಷ ಅದು ಅಂಗಳದಷ್ಟಗಲ ಹಬ್ಬಿತ್ತು. ಅವನು ನಾಜಲ್ ಬದಲಿಸಿದ, ವಾಷರ್ ಬದಲಿಸಿದ, ಕೊನೆಗೆ ಕ್ಯಾನನ್ನೇ ಬದಲಿಸಿದ. ಹುಲ್ಲು ಜಗ್ಗಲಿಲ್ಲ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ಹೆಂಡತಿ ನಕ್ಕಳು. ತಮಾಷೆಗೆ ಅಂದ ಮಾತು, ಆದರೆ ಅವನಿಗೆ ನಾಟಿತು. ಕೈ ನಡುಗುತ್ತಿದೆಯೇ? ಕಣ್ಣು ಮಂಜಾಗಿದೆಯೇ? ಊಟಕ್ಕೆ ಕೂತವನು ಅರ್ಧಕ್ಕೇ ಎದ್ದು, ಹಿತ್ತಿಲ ಸಿಮೆಂಟ್ ನೆಲಕ್ಕೆ ಬರೀ ನೀರು ಹೊಡೆದು, ಒದ್ದೆ ಗುರುತು ಸಮನಾಗಿ ಬಿದ್ದಿದೆಯೇ ಎಂದು ಬಗ್ಗಿ ನೋಡುತ್ತಿದ್ದ. ಒಣಗಿದ ಮೇಲೆ ಮತ್ತೆ ಹೊಡೆಯುತ್ತಿದ್ದ. ಕೈಗುಣವೇ ಹೋದರೆ ತಾನು ಯಾವ ಲೆಕ್ಕ ಎಂಬ ಭಯ ಅವನನ್ನು ಕೂತಲ್ಲಿ ಕೂರಲು ಬಿಡಲಿಲ್ಲ.

ತಂಗಿಯ ಮಗಳು ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅವನ ಒದ್ದಾಟ ನೋಡಲಾರದೆ, ಆ ಮೂಲೆಯ ಎಳೆ ಹುಲ್ಲನ್ನು ಒಂದು ಟ್ರೇಯಲ್ಲೂ, ಯಾರೂ ಔಷಧಿ ಹೊಡೆಯದ ರಸ್ತೆ ಬದಿಯ ಅದೇ ಜಾತಿಯ ಹುಲ್ಲನ್ನು ಇನ್ನೊಂದರಲ್ಲೂ ನೆಟ್ಟಳು. ಎರಡಕ್ಕೂ ಅವನ ಕೈಯಲ್ಲೇ ಔಷಧಿ ಹೊಡೆಸಿದಳು. ಕೆಲವು ವಾರ ಕಳೆದು ಕರೆದಾಗ ಅವನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದ. ರಸ್ತೆ ಬದಿಯ ಹುಲ್ಲು ಪೂರ್ತಿ ಸತ್ತಿತ್ತು. ತಂಗಿಯ ಹೊಲದ್ದು ನಳನಳಿಸುತ್ತಿತ್ತು.

“ನಿನ್ನ ಕೈ ಸರಿಯಾಗೇ ಇದೆ, ಮಾವ. ಔಷಧೀನೂ ಸರಿಯಾಗೇ ಇದೆ.”

ಅವನಿಗೆ ಹೋದ ಜೀವ ಬಂದಂತಾಯಿತು. “ನೋಡಿದ್ಯಾ! ನಿಮ್ಮತ್ತೆಗೆ ಹೇಳು ಇದನ್ನ!” ಎಂದು ಜೋರಾಗಿ ನಕ್ಕ. ಅವಳು ನಗಲಿಲ್ಲ.

“ಬೀಗಕ್ಕೆ ಕೀಲಿ ಕೂತ ಹಾಗೆ ಔಷಧಿ ಗಿಡದೊಳಗೆ ಒಂದು ಕಡೆ ಹೋಗಿ ಕೂರುತ್ತೆ, ಗಿಡ ಸಾಯುತ್ತೆ. ಲಕ್ಷಕ್ಕೊಂದು ಹುಲ್ಲಿಗೆ ಹುಟ್ಟುವಾಗ್ಲೇ ಜೀನ್ ಚೂರು ಬದಲಾಗಿರುತ್ತೆ. ಅದರಲ್ಲಿ ಕೀಲಿ ಕೂರಲ್ಲ. ಅದರ ಮಕ್ಕಳಿಗೂ ಅದೇ ಗುಣ.”

“ಅಂಥಾವು ಮೊದಲೂ ಇದ್ವಾ?”

“ಇದ್ವು. ಉಳಿದ ಹುಲ್ಲಿನ ಮಧ್ಯೆ ಕಳೆದುಹೋಗಿದ್ವು. ನೀನು ವರ್ಷವರ್ಷವೂ ಅದೇ ಔಷಧಿ ಹೊಡೆದು ಬೇರೆಲ್ಲವನ್ನೂ ಚೊಕ್ಕವಾಗಿ ಕೊಂದೆ. ಇದಕ್ಕೇ ಹೊಲ ಬಿಟ್ಟುಕೊಟ್ಟ ಹಾಗಾಯ್ತು. ಬೇಗ ಕೊಯ್ದುಹಾಕು, ಮಾವ. ಹೂ ಬಿಟ್ರೆ ಪರಾಗದ ಜೊತೆ ಈ ಗುಣ ಗಾಳೀಲಿ ಪಕ್ಕದ ಹೊಲದ ಹುಲ್ಲಿಗೂ ಹೋಗುತ್ತೆ.”

ಅವನು ಅಲ್ಲಿಂದ ನೇರವಾಗಿ ಹೊಲಕ್ಕೇ ನಡೆದ. ಹುಲ್ಲು ಆಗಲೇ ಹೂ ಬಿಟ್ಟಿತ್ತು. ಮುಟ್ಟಿದರೆ ತೋಳಿಗೆಲ್ಲ ಹಳದಿ ಪುಡಿ.

“ಈ ಮೂಲೆ ಪೂರ್ತಿ ಕೊಯ್ದುಬಿಡೋಣ,” ಎಂದ ತಂಗಿಗೆ.

“ಗೋಧಿನೂ ಸೇರಿಸಿನಾ ಅಣ್ಣ?”

“ಗೋಧಿನೂ. ಹುಲ್ಲಿನ ಬೀಜ ಉದುರಿದ್ರೆ ಇಡೀ ಹೊಲ ಕೈತಪ್ಪಿದ ಹಾಗೆ.”

ಅವಳ ಕಣ್ಣು ತುಂಬಿತು. ಆದರೂ ಕುಡುಗೋಲು ತಂದುಕೊಟ್ಟಳು. ಅಣ್ಣನ ಮಾತನ್ನು ಅವಳು ಎಂದೂ ತೆಗೆದುಹಾಕಿದವಳಲ್ಲ, ಅದೇ ಅವನಿಗೆ ಹೆಚ್ಚು ಸಂಕಟವಾಯಿತು. ಇಬ್ಬರೂ ಕೊಯ್ಯುತ್ತಿದ್ದಾಗ ಅವನ ಫೋನ್ ಹೊಡೆದುಕೊಂಡಿತು. ರಸ್ತೆಯಾಚೆಯ ದೊಡ್ಡ ಹೊಲದ ಯಜಮಾನ.

“ಚೊಕ್ಕಣ್ಣ, ಗೋಧಿಯಲ್ಲಿ ಒಂಚೂರು ಹುಲ್ಲು ಉಳಕೊಂಡಿದೆ ಕಣೋ. ನಾಳೆ ಬಂದು ಹೊಡೆದುಕೊಡ್ತೀಯಾ?”

ಅವನು ಕುಡುಗೋಲು ಕೆಳಗಿಟ್ಟ. “ಹೋದ ವರ್ಷ ಅಲ್ಲಿ ಯಾರು ಹೊಡೆದಿದ್ರು?”

“ಇದೇನು ಹೀಗೆ ಕೇಳ್ತೀಯ? ನೀನೇ. ನಿನ್ನ ಬಿಟ್ಟು ಬೇರೆಯವರನ್ನ ನಾನು ಯಾವತ್ತಾದ್ರೂ ಹೊಲದೊಳಗೆ ಬಿಟ್ಟಿದ್ದೀನಾ?”