ಎರಡು ತೀರ್ಪುಗಳ ನಡುವಿನ ಮನೆ

ದೋಹಾದ ಮುಶೈರಿಬ್‌ನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು ನೇಪಾಳದವಳು, ನಾನು ಉಡುಪಿ ಕಡೆಯವಳು. ನಮ್ಮಿಬ್ಬರ ಮಾತೆಲ್ಲ ಹಿಂದಿಯಲ್ಲಿ. ಅವಳ ತಂಗಿ ಅಮೆರಿಕದಲ್ಲಿದ್ದಳು. ನೇಪಾಳದಲ್ಲಿ ಭೂಕಂಪವಾದಾಗ ಆ ಸರ್ಕಾರ ಅಲ್ಲಿದ್ದ ನೇಪಾಳಿಗಳಿಗೆ, ಸದ್ಯಕ್ಕೆ ಊರಿಗೆ ಹೋಗಬೇಡಿ, ಇಲ್ಲೇ ದುಡಿದುಕೊಂಡಿರಿ ಎಂದು ತಾತ್ಕಾಲಿಕ ರಕ್ಷಣೆ ಕೊಟ್ಟಿತ್ತು. ಆ ‘ಸದ್ಯಕ್ಕೆ’ ಎನ್ನುವುದು ವರ್ಷಗಟ್ಟಲೆ ಮುಂದುವರಿಯಿತು. ತಂಗಿ ಒಂದು ವೃದ್ಧಾಶ್ರಮದಲ್ಲಿ ಕೆಲಸ ಹಿಡಿದು, ಬಾಡಿಗೆ ಮನೆಯಲ್ಲಿ ಒಬ್ಬಳೇ ನೆಲೆಸಿದ್ದಳು.

ಆಮೇಲೆ ಸರ್ಕಾರ ಆ ರಕ್ಷಣೆಯನ್ನು ಮುಗಿಸಿತು. ಅದನ್ನು ಪಡೆದವರು ಕೋರ್ಟಿಗೆ ಹೋದರು. ಒಬ್ಬರು ನ್ಯಾಯಾಧೀಶರು ಸರ್ಕಾರದ ನಿರ್ಧಾರಕ್ಕೆ ತಡೆ ಹಾಕಿದರು. ಮೇಲಿನ ಕೋರ್ಟು ಆ ತಡೆಗೇ ತಡೆ ಹಾಕಿತು. ಹಿಂದಿನ ದಿನ ಕಾನೂನಿನ ಪ್ರಕಾರವೇ ಮಲಗಿದ್ದ ತಂಗಿ ಬೆಳಗ್ಗೆ ಕಣ್ಣು ಬಿಡುವಾಗ, ಅದೇ ಮಂಚದಲ್ಲಿ, ಕಾನೂನಿನ ಹೊರಗಿದ್ದಳು.

ಅಂದಿನಿಂದ ಅವಳು ಮನೆ ಬಿಟ್ಟು ಹೊರಬೀಳಲಿಲ್ಲ. ಏನಾದರೂ ಆದರೆ ಯಾರಿಗಾದರೂ ಗೊತ್ತಾಗಲಿ ಎಂದು, ಅಲ್ಲಿ ಬೆಳಕು ಹರಿಯುತ್ತಲೇ ಅಕ್ಕನಿಗೆ ವಿಡಿಯೊ ಕಾಲ್ ಮಾಡಿ ಫೋನನ್ನು ಕಿಟಕಿಗೆ ಒರಗಿಸಿಡುತ್ತಿದ್ದಳು. ಇಲ್ಲಿ ನಮಗೆ ಮಧ್ಯಾಹ್ನ. ಇಬ್ಬರ ಮೇಜಿನ ನಡುವೆ, ಸ್ಟೇಪ್ಲರ್ ಪಕ್ಕದಲ್ಲಿ, ಅಮೆರಿಕದ ಒಂದು ಬೀದಿ ನಿಂತಿರುತ್ತಿತ್ತು. ಅದರಲ್ಲಿ ಯಾರೂ ನಡೆಯುತ್ತಿರಲಿಲ್ಲ. ಎದುರು ಮನೆಯ ಬಾಗಿಲು ಹಗಲಿಡೀ ತೆರೆದಿರುತ್ತಿತ್ತು, ಒಳಗೆ ದೀಪ ಉರಿಯುತ್ತಿತ್ತು.

“ಅಲ್ಲಿ ಯಾರಿದ್ದಾರೆ?” ಎಂದು ಒಮ್ಮೆ ಕೇಳಿದೆ.

“ಹೊಂಡುರಾಸ್‌ನ ಗಂಡ ಹೆಂಡತಿ,” ಎಂದು ತಂಗಿಯ ಪಿಸುದನಿ ಬಂತು. “ಅವರ ಕತೆಯೂ ನನ್ನ ಹಾಗೇ. ಈಗ ಕಾಣುವುದಿಲ್ಲ. ಹೋದದ್ದನ್ನೂ ನಾನು ಕಾಣಲಿಲ್ಲ.”

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಇಂಡಸ್ಟ್ರಿಯಲ್ ಏರಿಯಾದ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. “ಎಂತ ಮಾರಾಯ್ತಿ, ನಮ್ಮದೂ ಹಾಗೇ ಅಲ್ವಾ? ಕಂಪನಿ ಖಲಾಸ್ ಅಂದ್ರೆ ಖಲಾಸ್. ಗಂಟುಮೂಟೆ ಕಟ್ಟುದು, ಹೋಗುದು.”

“ನಮಗೆ ಅದು ಬರುವಾಗಲೇ ಗೊತ್ತುಂಟು. ಅವಳಿಗೆ ಒಬ್ಬ ಜಡ್ಜ್ ಇರು ಹೇಳ್ತಾರೆ, ಇನ್ನೊಬ್ಬ ಹೋಗು ಹೇಳ್ತಾರೆ,” ಎಂದೆ.

ಮೇಲಿನ ಕೋರ್ಟಿನ ವಾದವನ್ನು ಆಫೀಸು ಬಿಟ್ಟ ಮೇಲೆ ಗೆಳತಿಯೂ ನಾನೂ ಕೂತು ನೇರ ಪ್ರಸಾರದಲ್ಲಿ ಕೇಳಿದೆವು. ಈ ನಿರ್ಧಾರವನ್ನು ಪರಿಶೀಲಿಸುವ ಅಧಿಕಾರವೇ ನ್ಯಾಯಾಲಯಕ್ಕಿಲ್ಲ ಎಂದು ಸರ್ಕಾರದ ವಕೀಲರು ಹೇಳುತ್ತಿದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅವಸರವಿರಲಿಲ್ಲ. ಬಹಳ ಹೊತ್ತು ಕೇಳಿದ ಮೇಲೆ ಗೆಳತಿ, “ನನ್ನ ತಂಗಿಯ ವಿಷಯ ಯಾವಾಗ ಬರ್ತದೆ?” ಎಂದಳು. “ಇದೇ ಅವಳ ವಿಷಯ,” ಎಂದೆ.

ಅದಾಗಿ ಕೆಲವು ದಿನ ಕಳೆದಿರಬಹುದು. ಗೆಳತಿ ಮೀಟಿಂಗಿಗೆ ಹೋಗುವಾಗ, “ಸ್ವಲ್ಪ ನೋಡ್ತಿರು,” ಎಂದು ಫೋನನ್ನು ನನ್ನ ಕಡೆ ತಿರುಗಿಸಿದಳು. ನಾನೊಂದು ಮೇಲ್ ಕಳಿಸಿ ತಲೆಯೆತ್ತಿದೆ. ಎದುರು ಮನೆಯ ಬಾಗಿಲು ಮುಚ್ಚಿತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ. ಗಾಳಿ ಇರಬಹುದೇ ಎಂದು ನೋಡಿದರೆ ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಅಷ್ಟರಲ್ಲಿ ತಂಗಿಯ ಮನೆಯ ಕರೆಗಂಟೆ ಸದ್ದಾಯಿತು.

ಅವಳ ಕೈ ಫೋನಿಗೆ ತಾಗಿ ಅದು ಮಗುಚಿ ಬಿತ್ತು. ಈಗ ಕಾಣುತ್ತಿದ್ದುದು ಕೋಣೆಯ ಚಾವಣಿ ಮಾತ್ರ. ಗಂಟೆ ಮತ್ತೆ ಸದ್ದಾಯಿತು. ಆಮೇಲೆ ಯಾರೋ ಬಾಗಿಲನ್ನು ಅಂಗೈಯಿಂದ ಮೆಲ್ಲಗೆ ಸವರಿದಂಥ ಸದ್ದು. ಆ ಬಿಳಿ ಚಾವಣಿಯನ್ನು ನೋಡುತ್ತ ನಾನೂ ಉಸಿರು ಬಿಗಿಹಿಡಿದೆ, ನನ್ನ ಉಸಿರು ಅಲ್ಲಿ ಕೇಳಿಸೀತು ಎಂಬಂತೆ. ಪಕ್ಕದಲ್ಲಿ ಯಾರೋ “ಯಲ್ಲಾ ಯಲ್ಲಾ” ಎಂದು ಅವಸರಪಡಿಸುತ್ತ ಪ್ರಿಂಟರನ್ನು ಬಡಿಯುತ್ತಿದ್ದರು. ಗೆಳತಿ ಬಂದು ನನ್ನ ಮುಖ ನೋಡಿ ಅಲ್ಲೇ ನಿಂತಳು.

“ಹೋದರು,” ಎಂದಳು ತಂಗಿ ಕೊನೆಗೆ.

“ಯಾರು?” ಎಂದಳು ಗೆಳತಿ.

“ಗೊತ್ತಿಲ್ಲ ದೀದಿ. ಕಿಟಕಿಯಿಂದ ಯಾರೂ ಕಾಣಲಿಲ್ಲ.”

ಪಾರ್ಸೆಲ್ ತಂದವರಿರಬಹುದು, ತಪ್ಪಿ ಬಂದವರಿರಬಹುದು. ಅದು ಇಂದಿಗೂ ತಿಳಿದಿಲ್ಲ. ಆದರೆ ತಂಗಿ ಆ ದಿನವೇ ನಿರ್ಧರಿಸಿದಳು, ಹೊರಟುಬಿಟ್ಟಳು. ಕಠ್ಮಂಡುವಿಗೆ ಹೋಗಲು ದೋಹಾದಲ್ಲೇ ವಿಮಾನ ಬದಲಿಸಬೇಕು. ವರ್ಷಗಳ ನಂತರ ಅಕ್ಕತಂಗಿ ಒಂದೇ ಊರಲ್ಲಿದ್ದರು. ಒಬ್ಬಳಿಗೆ ಹೊರಬರಲು ವೀಸಾ ಇಲ್ಲ, ಇನ್ನೊಬ್ಬಳಿಗೆ ಒಳಹೋಗಲು ಟಿಕೆಟ್ ಇಲ್ಲ. ನಾನು ಗೆಳತಿಯ ಜೊತೆ ಏರ್‌ಪೋರ್ಟಿನ ಹೊರಗೆ ಕಾರಿನಲ್ಲಿ ಕೂತಿದ್ದೆ. ಅವರು ಫೋನಿನಲ್ಲಿ ಊಟದ ವಿಷಯವನ್ನಷ್ಟೇ ಮಾತಾಡಿದರು.

ತಂಗಿ ಊರು ಸೇರಿದ ಮೇಲೆ ಕೆಳಗಿನ ಕೋರ್ಟಿನ ಪೂರ್ಣ ತೀರ್ಪು ಬಂತು: ರಕ್ಷಣೆ ಮುಗಿಸಿದ್ದೇ ಕಾನೂನಿಗೆ ವಿರುದ್ಧ. “ಹಾಗಾದರೆ ಈಗ ನಾನು ಅಲ್ಲಿರಬಹುದಾ?” ಎಂದು ಕೇಳಿದಳಂತೆ. ಉತ್ತರ ಹುಡುಕುವಷ್ಟರಲ್ಲಿ ಮೇಲಿನ ಕೋರ್ಟು ಅದಕ್ಕೂ ತಡೆ ಕೊಟ್ಟಿತು.

ಗೆಳತಿ ರಜೆ ಹಾಕಿ ಹೋಗಿ ನೋಡಿಕೊಂಡು ಬಂದಳು. ತಂಗಿಗೆ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಮೈ ಕೈ ತುಂಬಿಕೊಂಡಿದ್ದಾಳೆ. ಆದರೆ ಸಂಜೆ ಕೆಲಸದಿಂದ ಬಂದವಳು ಅಂಗಳದಲ್ಲೇ ನಿಂತು, “ಒಳಗೆ ಬರಲಾ?” ಎಂದು ಕೇಳುತ್ತಾಳಂತೆ. ಅಮ್ಮ ಪ್ರತಿ ಸಲವೂ “ಬಾ” ಎನ್ನಬೇಕಂತೆ.