ಭುವನಾ ಕಾದ ಹನ್ನೊಂದು ನಿಮಿಷ

ಕಾಗಿನೆಲೆಯ ಭುವನಾ ರಾಣೆಬೆನ್ನೂರಿನಲ್ಲಿ ಡಿಪ್ಲೊಮಾ ಮುಗಿಸಿ, 2003ರಲ್ಲಿ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದಳು. ಯಾರ ಮೆಣಸಿನಕಾಯಿ ಚೀಲ ಯಾವ ಕೋಣೆಯಲ್ಲಿದೆ ಎನ್ನುವುದು ಅಲ್ಲಿಯ ಯುನಿಕ್ಸ್ ಎಂಬ ವ್ಯವಸ್ಥೆಯ ಕಂಪ್ಯೂಟರ್ ಯಂತ್ರಕ್ಕೆ ಮಾತ್ರ ಗೊತ್ತು. ಆ ಮಹಾರಾಯ ಆರು ತಿಂಗಳಿಂದ ಆಗಾಗ ಕೆಲಸದ ನಡುವೆಯೇ ತಟ್ಟನೆ ನಿಂತು, ಕಂಪ್ಯೂಟರಿನವರ ಮಾತಿನಲ್ಲಿ ಹೇಳುವುದಾದರೆ, ಬಿದ್ದುಬಿಡುತ್ತಿದ್ದ. ಲಾರಿಗಳು ಬಿಸಿಲಲ್ಲಿ ನಿಲ್ಲುತ್ತಿದ್ದವು. ಮಾಲೀಕ ಅಂದಾನೆಪ್ಪನವರ ಪ್ರಕಾರ ಭುವನಾ ಏನೋ ತಪ್ಪು ಒತ್ತುತ್ತಾಳೆ. ಇನ್ನೊಮ್ಮೆ ಬಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದೂ ಹೇಳಿಯಾಗಿತ್ತು. ಮಾಡದ ತಪ್ಪು ಹೊತ್ತು ಮನೆಗೆ ಹೋಗುವುದು ಹೇಗೆಂದು ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಯುನಿಕ್ಸ್ ಬೀಳುವಾಗ ಮೆಮೊರಿಯಲ್ಲಿದ್ದುದನ್ನೆಲ್ಲ ಡಿಸ್ಕಿಗೆ ಬರೆದಿಡುತ್ತದೆ. ಅದೇ ಡಂಪ್. ಓದಬಲ್ಲವರಿಗೆ ಬಿದ್ದ ಕಾರಣ ಅದರಲ್ಲಿ ಸಿಗುತ್ತದೆ. ಇಲ್ಲಿ ಒಮ್ಮೆಯೂ ಡಂಪ್ ಉಳಿದಿರಲಿಲ್ಲ. ಆರು ತಿಂಗಳ ಹಿಂದೆ ಹೊಸ ಮೆಮೊರಿ ಕಾರ್ಡ್ ಹಾಕಿದ ಪುಣ್ಯಾತ್ಮರು ಡಂಪಿನ ಜಾಗ ಹೆಚ್ಚಿಸಿರಲಿಲ್ಲ, ಅಷ್ಟೆಲ್ಲ ಅದರಲ್ಲಿ ಎಲ್ಲಿ ಹಿಡಿದೀತು? ಭುವನಾ ಮ್ಯಾನುವಲ್ ತಿರುವಿ, ಒಂದು ಭಾನುವಾರ ಬಂದು ಡಿಸ್ಕಿನ ಖಾಲಿ ಭಾಗವನ್ನು ಡಂಪಿಗೆ ಗೊತ್ತುಮಾಡಿದಳು. ವಾಚ್‌ಮನ್ ಮೈಲಪ್ಪ ಯಂತ್ರ ಬಿದ್ದೊಡನೆ ಓಡಿಬಂದು ಸ್ವಿಚ್ ಆರಿಸಿ ಮತ್ತೆ ಹಾಕುತ್ತಿದ್ದ, ಡಂಪ್ ಬರೆಯುವುದು ಅಲ್ಲಿಗೇ ನಿಲ್ಲುತ್ತಿತ್ತು. ಇನ್ನು ಮುಟ್ಟಬೇಡವೆಂದು ಅವನಿಗೆ ಕೈಮುಗಿದಳು.

ಆಮೇಲೆ ಯಂತ್ರ ಹದಿನೇಳು ದಿನ ಬೀಳಲೇ ಇಲ್ಲ. ಬೀಳದಿದ್ದರೆ ಸತ್ಯ ಹೊರಬರದು, ಬಿದ್ದರೆ ಕೆಲಸ ಉಳಿಯದು. ಆದರೂ ಬೀಳಲಿ ಎಂದೇ ಬೇಡಿಕೊಳ್ಳುತ್ತಿದ್ದಳು. ಅನ್ನ ಕೊಟ್ಟವರಿಗೆ ಕೇಡು ಬಯಸುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಗುತ್ತಿತ್ತು.

ಹದಿನೆಂಟನೆಯ ದಿನ, ಅಂಗಳದಲ್ಲಿ ಐದು ಲಾರಿ ನಿಂತಿದ್ದಾಗ ಬಿತ್ತು. ಪರದೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಮೂಡತೊಡಗಿದವು. ಡಂಪ್ ಬರೆಯುತ್ತಿತ್ತು. ಅಂದಾನೆಪ್ಪನವರು ಧಾವಿಸಿ ಬಂದು ಸ್ವಿಚ್ಚಿಗೆ ಕೈ ಚಾಚಿದರು. ಭುವನಾ ಅಡ್ಡ ನಿಂತಳು.

"ಬೇಕಾದ್ರ ನನ್ನ ಕೆಲಸದಿಂದ ತಗೀರಿ. ಇದನ್ನ ಮಾತ್ರ ಈಗ ಮುಟ್ಟಬ್ಯಾಡ್ರಿ."

ಹನ್ನೊಂದು ನಿಮಿಷ. ಹೊರಗೆ ಹಾರ್ನ್ ಮೇಲೆ ಹಾರ್ನ್. ಮಾಲೀಕರ ಮುಖ ಕೆಂಪಾಗಿತ್ತು, ಅವಳು ಸ್ವಿಚ್ಚಿನ ಮುಂದಿಂದ ಸರಿಯಲಿಲ್ಲ. ಕೊನೆಗೆ ಚುಕ್ಕಿಗಳು ನಿಂತವು. ಯಂತ್ರ ಮತ್ತೆ ಏಳುವಾಗ ಡಂಪ್ ಉಳಿಸಲೇ ಎಂದು ಕೇಳಿತು. ಹೌದೆಂದು ಒತ್ತಿ ಟೇಪಿಗೆ ಇಳಿಸಿದಳು.

ಟೇಪು ಡಂಪ್ ಓದಬಲ್ಲ ಹುಬ್ಬಳ್ಳಿಯ ಎಂಜಿನಿಯರರ ಬಳಿ ಹೋಯಿತು. ವಾರದ ಮೇಲೆ ಅವರ ಕಾಗದ ಬಂತು. ಹೊಸ ಮೆಮೊರಿ ಕಾರ್ಡೇ ಕೆಟ್ಟಿದೆ, ಆಪರೇಟರರ ತಪ್ಪೇನೂ ಇಲ್ಲ ಎಂದಿತ್ತು. ಅಂದಾನೆಪ್ಪನವರು ಎರಡು ಸಲ ಓದಿ ಕನ್ನಡಕ ತೆಗೆದರು.

"ನಿನ್ನ ತಪ್ಪಿಲ್ಲಂತ ಮೊದಲ ಹೇಳಬಾರದೇನವಾ?"

"ಆರು ತಿಂಗಳಿಂದ ಹೇಳಾಕತ್ತೇನ್ರಿ," ಎಂದಳು ಭುವನಾ. "ಮಷೀನ್ ಹೇಳಿದ ಮ್ಯಾಲ ನಿಮಗ ಕೇಳಿಸ್ತು."